ಇನ್ನೊಂದು ಮ್ಯಾನ್‌ಹಟನ್‌ನಲ್ಲಿ ಕ್ಲೆಮೆಂಟೈನ್

ಬುಧವಾರ

ತಂಗಿ ಕ್ಯಾನ್ಸಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ ಸಂಸಾರ ಹೂಡಿ ವರ್ಷಗಳೇ ಆದವು. ಅವಳ ಮನೆಗೆ ಬಂದಿಳಿದ ಸಾಗರದ ಕಡೆಯ ನೆಂಟರೆಲ್ಲ ನಾಲ್ಕು ದಿನ ಇದ್ದ ಹಾಗೆ ಮಾಡಿ ನಯಾಗರಾಕ್ಕೋ ನ್ಯೂಯಾರ್ಕಿಗೋ ಹಾರಿಬಿಡುವವರೇ. ನಾನು ಮ್ಯಾನ್‌ಹಟನ್‌ಗೆ ಹೋಗಬೇಕು ಅಂದಾಗ ಅವಳೂ ಫೋನ್ ತೆಗೆದು ವಿಮಾನದ ಟಿಕೆಟ್ ಹುಡುಕತೊಡಗಿದಳು.

“ನ್ಯೂಯಾರ್ಕಿನದ್ದಲ್ಲ ಮಾರಾಯ್ತಿ, ನಿಮ್ಮ ರಾಜ್ಯದ್ದೇ. ಕಾರಲ್ಲಿ ಎರಡು ಗಂಟೆ ದಾರಿ.”

“ಅಲ್ಲೇನಿದೆ ಅಕ್ಕ? ಕಾಲೇಜು, ಫುಟ್‌ಬಾಲು, ಹುಲ್ಲು.”

ಹುಲ್ಲಿನ ವಿಷಯ ಆಮೇಲೆ. ನಾನು ಹೊರಟಿದ್ದು ಕ್ಲೆಮೆಂಟೈನ್ ಪ್ಯಾಡಲ್‌ಫೋರ್ಡ್ ಎಂಬಾಕೆಯ ಹಿಂದೆ. 1898ರಲ್ಲಿ ಇದೇ ಮ್ಯಾನ್‌ಹಟನ್ ಹತ್ತಿರದ ಸ್ಟಾಕ್‌ಡೇಲ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಮುಂದೆ ಆ ಇನ್ನೊಂದು ಮ್ಯಾನ್‌ಹಟನ್ ಸೇರಿ, ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯಲ್ಲಿ 1936ರಿಂದ ಮೂವತ್ತು ವರ್ಷ ಊಟದ ಬಗ್ಗೆ ಬರೆದವಳು. 1953ರಲ್ಲಿ ಟೈಮ್ ಪತ್ರಿಕೆ ಆಕೆಯನ್ನು ದೇಶದ ಅತ್ಯಂತ ಹೆಸರಾಂತ ಆಹಾರ ಸಂಪಾದಕಿ ಎಂದಿತು. ಆಗ ವಾರಕ್ಕೆ 1.2 ಕೋಟಿ ಜನ ಓದುತ್ತಿದ್ದರಂತೆ. ಇವತ್ತು ಅಮೆರಿಕದಲ್ಲೇ ಹತ್ತು ಜನರನ್ನು ನಿಲ್ಲಿಸಿ ಕೇಳಿ, ಒಬ್ಬರಿಗೆ ಗೊತ್ತಿದ್ದರೆ ಹೆಚ್ಚು.

ನನಗೆ ಈಕೆಯ ಗೀಳು ಹತ್ತಿದ್ದಕ್ಕೆ ಕಾರಣ ನನ್ನ ಕೆಲಸ. ಪುರವಣಿಯ ಅಡುಗೆ ಪುಟ ನೋಡಿಕೊಳ್ಳುವವಳು ನಾನು. ದಿನಾ ಬರುವ ಪಾಕವಿಧಾನಗಳೆಲ್ಲ ಒಂದೇ ಅಚ್ಚಿನವು: ಬೇಕಾಗುವ ಸಾಮಗ್ರಿ, ಮಾಡುವ ವಿಧಾನ, ಕೊನೆಗೆ ‘ಬಿಸಿಬಿಸಿಯಾಗಿ ಸವಿಯಿರಿ’. ಯಾರ ಮನೆಯದು, ಯಾವ ಊರಿನದು, ಯಾರಿಂದ ಕಲಿತಿದ್ದು, ಒಂದೂ ಇರುವುದಿಲ್ಲ. ಈಕೆ ಅದನ್ನೇ ಮೊದಲು ಕೇಳುತ್ತಿದ್ದಳು. ನಿಮ್ಮ ಅಜ್ಜಿ ಎಲ್ಲಿಯವರು ಹೇಳಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ಬಗೆಯ ಪೈ (ಹೂರಣ ತುಂಬಿ ಬೇಯಿಸಿದ ಹಿಟ್ಟಿನ ತಿನಿಸು) ಇರುತ್ತದೆಂದು ನಾನು ಹೇಳುತ್ತೇನೆ ಎನ್ನುವ ಧಾಟಿ ಅವಳದು.

ಐ-70 ಹೆದ್ದಾರಿಯಲ್ಲಿ ಟೊಪೀಕಾ ದಾಟುವ ತನಕ ಹೇಳುವಂಥದ್ದೇನಿಲ್ಲ. ದಾಟಿದ ಮೇಲೆ ನೆಲ ಏಳುಬೀಳು ಶುರುಮಾಡುತ್ತದೆ. ಇದೇ ಫ್ಲಿಂಟ್ ಹಿಲ್ಸ್. ಮರವಿಲ್ಲ, ಬೇಲಿ ಕಡಿಮೆ, ಕಣ್ಣು ಹಾಯುವಷ್ಟೂ ಹುಲ್ಲು. ಅಕ್ಟೋಬರ್ ಆದ್ದರಿಂದ ಬಿಗ್ ಬ್ಲೂಸ್ಟೆಮ್ ಹುಲ್ಲು ಇಟ್ಟಿಗೆ ಬಣ್ಣಕ್ಕೆ ತಿರುಗಿ ಆಳೆತ್ತರ ನಿಂತಿತ್ತು. ಹೆದ್ದಾರಿ ಬಿಟ್ಟು 177ನೇ ರಸ್ತೆಗೆ ತಿರುಗಿದ ಸ್ವಲ್ಪ ಹೊತ್ತಿಗೆ ಕಾನ್ಜಾ ಹುಲ್ಲುಗಾವಲನ್ನು ನೋಡಲೆಂದೇ ಕಾರು ನಿಲ್ಲಿಸುವ ಜಾಗವಿದೆ. ಸುಮಾರು 8,600 ಎಕರೆ. ಉತ್ತರ ಅಮೆರಿಕದ ಮಧ್ಯಭಾಗವನ್ನೆಲ್ಲ ಮುಚ್ಚಿದ್ದ ಎತ್ತರದ ಹುಲ್ಲಿನ ಬಯಲಿನಲ್ಲಿ ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ, ಅದರಲ್ಲಿ ಹೆಚ್ಚಿನದು ಈ ಫ್ಲಿಂಟ್ ಹಿಲ್ಸ್ ಸೀಮೆಯಲ್ಲೇ. ಉಳಿಸಿದ್ದು ಯಾರ ಪುಣ್ಯವೂ ಅಲ್ಲ, ನೆಲದಡಿಯ ಕಲ್ಲು. ನೇಗಿಲು ಇಳಿಯಲಿಲ್ಲ, ಹಾಗಾಗಿ ಗೋಧಿ ಬೆಳೆಯುವವರು ಮುಂದೆ ಹೋದರು, ದನ ಮೇಯಿಸುವವರು ಉಳಿದರು.

ರಾತ್ರಿ ಊಟಕ್ಕೆ ಊರಿನ ಒಂದು ಸಣ್ಣ ಹೋಟೆಲು. ಇಬ್ಬರೂ ಮಾಂಸ ತಿನ್ನದವರು, ದನದ ಸೀಮೆ, ಏನು ಸಿಗುತ್ತದೋ ಅಂದುಕೊಂಡಿದ್ದೆವು. ಬೀನ್ಸ್ ಮಾತ್ರ ಹಾಕಿದ ಚಿಲ್ಲಿ ಎಂಬ ಖಾರದ ಗಟ್ಟಿ ಸಾರು ಇತ್ತು. ಜೊತೆಗೆ, ಕೇಳದೆಯೇ, ಅಂಗೈಯಗಲದ ಸಿನಮನ್ ರೋಲು! ದಾಲ್ಚಿನ್ನಿ-ಸಕ್ಕರೆ ಸುತ್ತಿ ಬೇಯಿಸಿ, ಮೇಲೆ ಬಿಳಿ ಸಕ್ಕರೆಪಾಕ ಸುರಿದ ಬನ್ನು. ಖಾರದ ಸಾರಿನ ಪಕ್ಕದಲ್ಲಿ. ಪಕ್ಕದ ಮೇಜಿನ ಅಜ್ಜಿ ನಮ್ಮ ಮುಖ ನೋಡಿ ನಕ್ಕು, ಶಾಲೆಯ ಮಧ್ಯಾಹ್ನದೂಟದಲ್ಲಿ ಹೀಗೇ ಕೊಡುತ್ತಿದ್ದರು, ಕ್ಯಾನ್ಸಸ್ ಮಕ್ಕಳಿಗೆ ಇವೆರಡೂ ಬೇರೆ ಬೇರೆ ಅಂತ ಗೊತ್ತೇ ಇರಲಿಲ್ಲ ಅಂದರು. ಅದ್ದಿಕೊಂಡು ತಿನ್ನಬೇಕಾ ಅಂತ ತಂಗಿ ಕೇಳಿದಳು. ಅದ್ದುವವರು ಒಂದು ಪಂಗಡ, ಅದ್ದದವರು ಇನ್ನೊಂದು ಪಂಗಡ ಎಂಬ ಉತ್ತರ ಬಂತು. ನಾನು ಅದ್ದಿದೆ. ಚೆನ್ನಾಗಿಯೇ ಇತ್ತು.

ಗುರುವಾರ

ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಕಟ್ಟಡಗಳೆಲ್ಲ ಆ ಬೆಟ್ಟದ ಸುಣ್ಣಕಲ್ಲಿನವೇ, ಬೆಣ್ಣೆ ಬಣ್ಣ. 1863ರಲ್ಲಿ ಶುರುವಾದ ಕೃಷಿ ಕಾಲೇಜು ಇದು. ಕ್ಲೆಮೆಂಟೈನ್ ಇಲ್ಲಿ ಪತ್ರಿಕೋದ್ಯಮ ಓದಿ 1921ರಲ್ಲಿ ಪದವಿ ಪಡೆದಳು. ಅವಳ ಕಾಗದಪತ್ರಗಳೆಲ್ಲ ಕೊನೆಗೆ ಬಂದು ಸೇರಿದ್ದೂ ಇಲ್ಲಿಗೇ, ಹೇಲ್ ಗ್ರಂಥಾಲಯದ ವಿಶೇಷ ಸಂಗ್ರಹಕ್ಕೆ. ಏನೇನು ಪೆಟ್ಟಿಗೆ ನೋಡಬೇಕೆಂದು ಮೊದಲೇ ಬರೆದು ತಿಳಿಸಿದ್ದೆ.

2018ರ ಮೇ ತಿಂಗಳಲ್ಲಿ ಈ ಗ್ರಂಥಾಲಯದ ಚಾವಣಿಗೆ ಬೆಂಕಿ ಬಿತ್ತು. ಬೆಂಕಿಗಿಂತ ಅದನ್ನು ಆರಿಸಿದ ನೀರು ಮತ್ತು ಹೊಗೆಯೇ ಹೆಚ್ಚು ಹಾಳುಮಾಡಿದ್ದು. ಪುಸ್ತಕಗಳನ್ನು ಹೊರಗೆ ಸಾಗಿಸಿ ಶುಚಿಮಾಡಿ ಮತ್ತೆ ಒಳತರಲು ವರ್ಷಗಳೇ ಹಿಡಿದವು. ಹಳೆಯ ಓದುವ ಸಭಾಂಗಣದಲ್ಲಿ 1930ರ ದಶಕದ ದೊಡ್ಡ ಗೋಡೆಚಿತ್ರಗಳಿವೆ, ಹೊಲ, ಮನೆ, ಕಾರ್ಖಾನೆ. ತಂಗಿ ಅಲ್ಲೇ ಲ್ಯಾಪ್‌ಟಾಪ್ ತೆರೆದು ಆಫೀಸಿನ ಕೆಲಸಕ್ಕೆ ಕೂತಳು. ನಾನು ಮೇಲೆ ಹೋದೆ.

ಚೀಲ ಲಾಕರಿನಲ್ಲಿ. ಪೆನ್ನು ಒಳಗೆ ಬರುವಂತಿಲ್ಲ, ಪೆನ್ಸಿಲ್ ಮಾತ್ರ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ, ಪೆಟ್ಟಿಗೆಯಿಂದ ಒಂದೇ ಕಡತ. ಬೂದುಬಣ್ಣದ ಪೆಟ್ಟಿಗೆಯ ಮುಚ್ಚಳ ತೆಗೆದರೆ ಹಳೇ ನ್ಯೂಸ್‌ಪ್ರಿಂಟಿನ ಹುಳಿ ವಾಸನೆ. ಪತ್ರಿಕೆಯವಳಿಗೆ ಇದು ತವರಿನ ವಾಸನೆ. ಕತ್ತರಿಸಿಟ್ಟ ಅಂಕಣದ ಕಾಗದ ಕಂದಿ ಚಹಾದ ಬಣ್ಣಕ್ಕೆ ಬಂದಿತ್ತು, ಮಡಿಕೆಯ ಗೆರೆಯಲ್ಲಿ ಪುಡಿ ಉದುರುತ್ತಿತ್ತು. ಎರಡೂ ಅಂಗೈ ಅಡಿಗಿಟ್ಟು ಎತ್ತಬೇಕು. ಅದರ ಕೆಳಗೆ ಟೈಪ್ ಮಾಡಿದ ಪಾಕವಿಧಾನಗಳು, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ಮೇಲೆ ಕಾರ್ಬನ್ ಪ್ರತಿ. ಅದರ ಕೆಳಗೆ ಓದುಗರ ಕಾಗದಗಳು.

ಮಧ್ಯಾಹ್ನದವರೆಗೆ ಓದಿದೆ. ಆ ಮನುಷ್ಯಳ ಕೆಲಸದ ರೀತಿ ಅಲ್ಲಿ ಬಿಚ್ಚಿಕೊಂಡಿತು. 1948ರಲ್ಲಿ ‘ದಿಸ್ ವೀಕ್’ ಎಂಬ ಭಾನುವಾರದ ಪುರವಣಿಯಲ್ಲಿ ಅವಳು ‘ಹೌ ಅಮೆರಿಕ ಈಟ್ಸ್’ ಎಂಬ ಮಾಲಿಕೆ ಶುರುಮಾಡಿದಳು. ಅದು ದೇಶದ ಹಲವು ಊರುಗಳ ಪತ್ರಿಕೆಗಳ ಜೊತೆ ಹೋಗುತ್ತಿದ್ದ ಪುರವಣಿ. ಮೇಜಿನ ಹಿಂದೆ ಕೂತು ಬರೆದಿದ್ದಲ್ಲ. ರೈಲು, ವಿಮಾನ, ಕಾರು, ಹೇಸರಗತ್ತೆ, ಕಾಲ್ನಡಿಗೆ, ಸಿಕ್ಕಿದ್ದರಲ್ಲಿ ತಿರುಗಿದಳು. ಪೈಪರ್ ಕಬ್ ಎಂಬ ಪುಟ್ಟ ವಿಮಾನವನ್ನು ತಾನೇ ಓಡಿಸಬಲ್ಲವಳಾಗಿದ್ದಳು. ಆ ಬರಹಗಳೆಲ್ಲ ಅದೇ ಹೆಸರಿನಲ್ಲಿ 1960ರಲ್ಲಿ ಪುಸ್ತಕವಾದವು. ಹನ್ನೆರಡು ವರ್ಷದಲ್ಲಿ 8 ಲಕ್ಷ ಮೈಲಿಗೂ ಹೆಚ್ಚು ಸುತ್ತಿದ್ದಾಗಿಯೂ, 2,000ಕ್ಕೂ ಹೆಚ್ಚು ಅಡುಗೆಯವರನ್ನು ಕಂಡಿದ್ದಾಗಿಯೂ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾಳೆ. ಮೀನುಗಾರರ ದೋಣಿಯಲ್ಲಿ ಅವರ ಜೊತೆ ಉಂಡಳು. ಅಲೆಮಾರಿ ಕೂಲಿಗಳ ಸಮ್ಮೇಳನಕ್ಕೆ ಹೋಗಿ ಅವರ ಗಂಜಿಯಂಥ ಸಾರು ಕುಡಿದಳು. ಲೂಯಿಸಿಯಾನದಲ್ಲಿ ಕಬ್ಬು ಸಿಗಿದು ತಿಂದಳು. 1960ರಲ್ಲಿ, ಅರವತ್ತು ದಾಟಿದ ಮೇಲೆ, ನಾವಿಕರು ಏನು ಉಣ್ಣುತ್ತಾರೆ ನೋಡೋಣ ಅಂತ ಸ್ಕಿಪ್‌ಜ್ಯಾಕ್ ಎಂಬ ಅಣುಶಕ್ತಿ ಜಲಾಂತರ್ಗಾಮಿಗೆ ಇಳಿದಳು.

ಇವೆಲ್ಲ ಮಾಡಿದ್ದು ಕುತ್ತಿಗೆಯಲ್ಲಿ ಒಂದು ತೂತು ಇಟ್ಟುಕೊಂಡು. 1932ರಲ್ಲಿ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯಿತು, ಉಸಿರಾಟ ಮಾತ್ರ ಗಂಟಲಿನ ಕೊಳವೆಯ ಮೂಲಕ. ಮಾತಾಡಬೇಕೆಂದರೆ ಅದನ್ನು ಒತ್ತಿಕೊಂಡು ಗೊಗ್ಗರು ದನಿಯಲ್ಲಿ ಆಡಬೇಕು. ಫೋಟೋಗಳಲ್ಲಿ ಕುತ್ತಿಗೆಗೆ ಸದಾ ಒಂದು ಕಪ್ಪು ಮಖಮಲ್ ಪಟ್ಟಿಯೋ ಸ್ಕಾರ್ಫೋ ಕಾಣುತ್ತದೆ. ಅಲಂಕಾರ ಅಂದುಕೊಳ್ಳಬೇಕು, ಹಾಗೆ ಕಟ್ಟಿರುತ್ತಾಳೆ. ಈ ದನಿ ಹೊತ್ತು ಗೊತ್ತಿಲ್ಲದವರ ಮನೆ ಬಾಗಿಲು ತಟ್ಟಿ ‘ನಿಮ್ಮ ಅಡುಗೆಮನೆ ತೋರಿಸಿ’ ಅನ್ನುವುದು ಸಣ್ಣ ಎದೆಗಾರಿಕೆಯಲ್ಲ. ಬೆನ್ನುಮೂಳೆ ಇರಬೇಕಾದಲ್ಲಿ ಬರೀ ಹಾರೈಕೆ ಬೆಳೆಸಿಕೊಳ್ಳಬೇಡ ಮಗಳೇ ಎಂದು ಅಮ್ಮ ಹೇಳುತ್ತಿದ್ದರು ಎಂದು ಆಕೆ ನೆನೆದಿದ್ದಾಳೆ.

ಬರವಣಿಗೆ? ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮೂಲಂಗಿಯನ್ನು ‘ಉತ್ಕಟ ಕೆಂಪಿನ, ತುದಿಯಲ್ಲಿ ಮಾತ್ರ ವಿನಯದಿಂದ ಬಿಳಿಯಾದ’ ಪುಟ್ಟದು ಎಂದು ಬಣ್ಣಿಸಿದವಳು. ನಮ್ಮ ಡೆಸ್ಕಿನಲ್ಲಿ ಆಗಿದ್ದರೆ ಮೊದಲು ಆ ವಿನಯವನ್ನು ಹೊಡೆದುಹಾಕುತ್ತಿದ್ದೆವು. ಆದರೆ ಆ ಮೂಲಂಗಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ, ಏನು ಮಾಡಲಿ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ 1957ರಲ್ಲಿ ಆಹಾರ ಸಂಪಾದಕರಾಗಿ ಬಂದ ಕ್ರೇಗ್ ಕ್ಲೈಬೋರ್ನ್ ಮುಂದೆ ತಮ್ಮ ಆತ್ಮಕಥೆಯಲ್ಲಿ, ಈಕೆಗೆ ಹದವಾಗಿ ಕಲಕಿದ ಮೊಟ್ಟೆಗೂ ಮೂರನೇ ದರ್ಜೆಯ ಆಮ್ಲೆಟ್ಟಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ ಎಂಬರ್ಥದಲ್ಲಿ ಚುಚ್ಚಿದರು. ಇರಬಹುದು. ಕ್ಲೈಬೋರ್ನ್ ಬಾಣಸಿಗ ವಿದ್ಯೆ ಕಲಿತ ವಿಮರ್ಶಕ. ಈಕೆ ವರದಿಗಾರ್ತಿ. ಯಾವುದು ರುಚಿ ಎಂದು ತೀರ್ಪು ಕೊಡುವವರು ಎಲ್ಲ ಕಾಲಕ್ಕೂ ಬೇಕಾದಷ್ಟು ಸಿಗುತ್ತಾರೆ. ಅಯೋವಾದ ಯಾವುದೋ ಊರಿನ ಗೃಹಿಣಿಯ ಹೆಸರು, ಊರು, ಅವಳ ಅಜ್ಜಿ ಯಾವ ದೇಶದಿಂದ ಬಂದಳು, ಆ ಪೈಯ ಹಿಟ್ಟಿಗೆ ಯಾವ ಜಿಡ್ಡು ಹಾಕಿದಳು ಎಂದು ಬರೆದುಕೊಳ್ಳುವವರು ಸಿಗುವುದಿಲ್ಲ. ಅಮೆರಿಕದ ಅಡುಗೆ ಅಂದರೆ ಡಬ್ಬಿಯ ಸೂಪು, ಫ್ರೀಜರಿನ ಊಟ ಎಂದಾಗುತ್ತಿದ್ದ ದಶಕದಲ್ಲಿ ಅವಳೊಬ್ಬಳು ಊರೂರಿನ ರುಚಿಯನ್ನು ಪಟ್ಟಿ ಹಿಡಿದು ಕೂತಿದ್ದಳು.

ಒಂದು ತಕರಾರು ನನಗೂ ಇದೆ. ಅವಳು ಒಳಹೊಕ್ಕ ಅಡುಗೆಮನೆಗಳು ಬಹುಪಾಲು ಅನುಕೂಲಸ್ಥ ಬಿಳಿಯರವು. ದಕ್ಷಿಣದ ರಾಜ್ಯಗಳ ಅಡುಗೆ ಎಂದರೆ ಎಷ್ಟೋ ಮಟ್ಟಿಗೆ ಕಪ್ಪು ಹೆಂಗಸರ ಕೈಯಡುಗೆ, ಆದರೆ ಹೆಸರು ಬರುವುದು ಮನೆಯೊಡತಿಯದು. ಹೆಸರು ಬರೆಯುವುದನ್ನೇ ಧರ್ಮ ಮಾಡಿಕೊಂಡವಳ ಪುಸ್ತಕದಲ್ಲಿ ಈ ಕೊರತೆ ಎದ್ದು ಕಾಣುತ್ತದೆ.

ಮರೆತಿದ್ದು ಹೇಗೆ ಎಂಬುದಕ್ಕೆ ಉತ್ತರ ಸರಳ. 1966ರಲ್ಲಿ ಹೆರಾಲ್ಡ್ ಟ್ರಿಬ್ಯೂನ್ ಮುಚ್ಚಿತು. 1967ರಲ್ಲಿ ಈಕೆ ತೀರಿಕೊಂಡಳು. 1969ರಲ್ಲಿ ದಿಸ್ ವೀಕ್ ನಿಂತಿತು. ಅಷ್ಟರಲ್ಲಿ ಟಿವಿಯಲ್ಲಿ ಜೂಲಿಯಾ ಚೈಲ್ಡ್ ಫ್ರೆಂಚ್ ಅಡುಗೆ ಕಲಿಸತೊಡಗಿ ಆಗಲೇ ಕೆಲವು ವರ್ಷವಾಗಿತ್ತು, ಎಲ್ಲರ ಕಣ್ಣು ಪ್ಯಾರಿಸ್ ಕಡೆ. ಪತ್ರಿಕೆ ಬದುಕಿದ್ದರೆ ಅದು ತನ್ನ ಹಳಬರನ್ನು ವರ್ಷಕ್ಕೊಮ್ಮೆಯಾದರೂ ನೆನೆಯುತ್ತದೆ. ಸತ್ತ ಪತ್ರಿಕೆಯ ಬರಹಗಾರರಿಗೆ ವಾರಸುದಾರರಿಲ್ಲ. ಪೆಟ್ಟಿಗೆಗಳು ಇಲ್ಲಿ ದಶಕಗಳ ಕಾಲ ಸುಮ್ಮನೆ ಕೂತಿದ್ದವು. ಇದೇ ಗ್ರಂಥಾಲಯದ ಸಿಂಥಿಯಾ ಹ್ಯಾರಿಸ್ ಅವನ್ನು ಬಿಚ್ಚಿ ಜೋಡಿಸಿದರು. ಕೆಲ್ಲಿ ಅಲೆಕ್ಸಾಂಡರ್ ಎಂಬ ಪತ್ರಕರ್ತೆ ಲೇಖನ ಬರೆದರು. 2008ರಲ್ಲಿ ಇಬ್ಬರೂ ಸೇರಿ ಜೀವನಚರಿತ್ರೆ ತಂದರು. ಹೌ ಅಮೆರಿಕ ಈಟ್ಸ್ ಕೂಡ ಹೊಸ ಹೆಸರಿನಲ್ಲಿ ಮತ್ತೆ ಅಚ್ಚಾಯಿತು. ಅಂದರೆ ಆಕೆಯನ್ನು ಉಳಿಸಿದ್ದು ಕಡತ ಜೋಡಿಸುವ ಕೈ.

ಸಂಜೆ ವಿಶ್ವವಿದ್ಯಾಲಯದ ಹಾಲಿನ ಅಂಗಡಿ, ಕಾಲ್ ಹಾಲ್ ಡೇರಿ ಬಾರ್. ಅವರದೇ ಹಸುಗಳು, ಅವರದೇ ಐಸ್‌ಕ್ರೀಂ. ಕಾಲೇಜಿನ ಬಣ್ಣ ನೇರಳೆ, ಹಾಗಾಗಿ ‘ಪರ್ಪಲ್ ಪ್ರೈಡ್’ ಎಂಬ ನೇರಳೆ ಐಸ್‌ಕ್ರೀಂ. ತಂಗಿ ಎರಡು ತಿಂದಳು.

ಶುಕ್ರವಾರ

ಬೆಳಿಗ್ಗೆ ಯೂನಿಯನ್ ಪೆಸಿಫಿಕ್ ರೈಲು ನಿಲ್ದಾಣ. ಈಗ ಅಲ್ಲಿ ರೈಲು ಹತ್ತುವವರಿಲ್ಲ, ಚೆನ್ನಾಗಿ ದುರಸ್ತಿ ಮಾಡಿ ಸಮಾರಂಭಗಳಿಗೆ ಕೊಡುತ್ತಾರೆ. ಹದಿಹರೆಯದಲ್ಲಿ ಕ್ಲೆಮೆಂಟೈನ್ ನಸುಕಿನಲ್ಲೇ ಎದ್ದು ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಓಡಿ, ಯಾರು ಬಂದರು, ಯಾರು ಹೋದರು ಎಂದು ಕೇಳಿ ಊರಿನ ಪತ್ರಿಕೆಗೆ ಬರೆಯುತ್ತಿದ್ದಳಂತೆ. ‘ಇಂಥವರ ಮನೆಗೆ ಇಂಥವರು ಬಂದಿದ್ದಾರೆ’ ಎಂಬ ಎರಡು ಸಾಲಿನ ಸುದ್ದಿ. ಇಡೀ ಮುಂದಿನ ವೃತ್ತಿಯೇ ಅದರಲ್ಲಿದೆ ಅನ್ನಿ. ಹೆಸರು, ಊರು, ಯಾಕೆ ಬಂದರು.

ಅಲ್ಲಿಂದ ಉತ್ತರಕ್ಕೆ ಟಟಲ್ ಕ್ರೀಕ್ ಅಣೆಕಟ್ಟು. ಸ್ಟಾಕ್‌ಡೇಲ್ ನೋಡಬೇಕು ಅಂತ ನಾನು ಹೊರಟಾಗಲೇ ಅದು ಈಗ ಇಲ್ಲ ಎಂದು ಗೊತ್ತಿತ್ತು. 1951ರಲ್ಲಿ ಕ್ಯಾನ್ಸಸ್ ನದಿಗೆ ಮಹಾಪೂರ ಬಂದು ಮ್ಯಾನ್‌ಹಟನ್, ಟೊಪೀಕಾ, ಕ್ಯಾನ್ಸಸ್ ಸಿಟಿ ಎಲ್ಲ ಮುಳುಗಿದವು. ಪೂರ ತಡೆಯಲು ಬಿಗ್ ಬ್ಲೂ ನದಿಗೆ ಒಡ್ಡು ಹಾಕುವುದೆಂದಾಯಿತು. ಆ ಕಣಿವೆಯ ಮಣ್ಣೋ, ರಾಜ್ಯದಲ್ಲೇ ಹೆಸರುವಾಸಿ. ರೈತರು ಹೋರಾಡಿದರು, ‘ಬ್ಲೂ ವ್ಯಾಲಿ ಬೆಲ್ಸ್’ ಎಂದು ಹೆಂಗಸರ ಗುಂಪು ಕಟ್ಟಿಕೊಂಡು ವಾಷಿಂಗ್ಟನ್ ತನಕ ದನಿ ಮುಟ್ಟಿಸಿದರು. ಆದರೂ 1962ರಲ್ಲಿ ಕಟ್ಟೆ ಎದ್ದಿತು. ಹಳ್ಳಿಗಳು ಖಾಲಿಯಾದವು, ಸ್ಟಾಕ್‌ಡೇಲ್ ಅದರಲ್ಲಿ ಒಂದು. ಕ್ಲೆಮೆಂಟೈನ್‌ಳ ಅಪ್ಪ ನಡೆಸುತ್ತಿದ್ದ ಅಂಗಡಿ, ‘ಬ್ಲೂ ವ್ಯಾಲಿ ಫಾರ್ಮ್’ ಎಂದು ಕರೆಯುತ್ತಿದ್ದ ಜಮೀನು, ಎಲ್ಲ ಇದ್ದ ಸೀಮೆ ಅದು. ಅಮ್ಮನ ನೆನಪಿಗೆ ಆಕೆ ಬರೆದ ಸಣ್ಣ ಪುಸ್ತಕ 1958ರಲ್ಲಿ ಬಂತು. ಒಂದು ಕಡೆ ಕಟ್ಟೆ ಏಳುತ್ತಿದ್ದ ಕಾಲ.

ಕಟ್ಟೆಯ ಮೇಲೆ ಗಾಳಿ ಜೋರು. ತಂಗಿ ನೀರು ನೋಡಿ, “ಲಿಂಗನಮಕ್ಕಿ ಕಣೇ ಇದು” ಅಂದಳು. ಸಾಗರದ ಕಡೆಯ ಯಾರೇ ಆದರೂ ಹಾಗೇ ಅನ್ನುತ್ತಿದ್ದರು. ಅದೂ ಅದೇ ದಶಕದ್ದು, 1964. ನಮ್ಮ ಅಜ್ಜಿಯ ತವರು ಶರಾವತಿಯ ಹಿನ್ನೀರಿನಡಿ ಹೋಗಿದೆ. ಅಜ್ಜಿಯ ತವರಿನ ಅಡುಗೆ ಏನು ವಿಶೇಷ ಅಂತ ಯಾರೂ ಬರೆದಿಡಲಿಲ್ಲ, ಬರೆಯುವ ಕೆಲಸದವಳು ನಾನೇ ಇದ್ದೂ. ಇಬ್ಬರೂ ಕೂತು ನೆನಪಿಸಿಕೊಂಡೆವು: ಕೆಸುವಿನ ದಂಟಿನ ಹುಳಿ, ಅಪ್ಪೆಮಿಡಿ, ಮತ್ತೆ ಯಾವುದೋ ಒಂದು ಸೊಪ್ಪಿನ ತಂಬುಳಿ. ಆ ಸೊಪ್ಪಿನ ಹೆಸರು ಇಬ್ಬರಿಗೂ ಬರಲಿಲ್ಲ. ಅಮ್ಮನಿಗೆ ಫೋನು ಮಾಡೋಣವೆಂದರೆ ಊರಲ್ಲಿ ಮಧ್ಯರಾತ್ರಿ.

ಕೆರೆಯ ಪಶ್ಚಿಮಕ್ಕೆ, ಮಿಲ್ ಕ್ರೀಕ್ ಬಂದು ಸೇರುವ ತೋಳಿನ ಹತ್ತಿರ, ಈಗಲೂ ಸ್ಟಾಕ್‌ಡೇಲ್ ಹೆಸರಿನ ಪಾರ್ಕಿದೆ. ದೋಣಿ ಇಳಿಸುವ ಜಾಗ, ಬಿಡಾರ ಹೂಡುವವರಿಗೆ ಮೇಜು-ಬೆಂಚು. ಮೀನು ಹಿಡಿಯುತ್ತಿದ್ದವರೊಬ್ಬರನ್ನು ಕ್ಲೆಮೆಂಟೈನ್ ಹೆಸರು ಕೇಳಿದೆಯಾ ಅಂದರೆ, ಹಾಡಿನವಳಾ ಅಂದರು. ಆ ಹಳೆಯ ಹಾಡಿನ ಕ್ಲೆಮೆಂಟೈನ್ ನೀರಿಗೆ ಬಿದ್ದು ಸಾಯುತ್ತಾಳೆ, ಅದು ಬೇರೆ ಕಥೆ. ನಮ್ಮವಳ ವಿಷಯ ಹೇಳಿದೆ. ಅವರು ಗಾಳ ಬಿಡದೆ ಪೂರ್ತಿ ಕೇಳಿ, ತಮ್ಮ ಅಜ್ಜಿ ವೋಲ್ಗಾ ಸೀಮೆಯ ಜರ್ಮನ್ನರ ಕಡೆಯವರೆಂದೂ, ಬಿಯರಾಕ್ ಮಾಡುತ್ತಿದ್ದರೆಂದೂ ಶುರುಮಾಡಿದರು. ಎಲೆಕೋಸು, ಈರುಳ್ಳಿ, ಕೊಚ್ಚಿದ ಮಾಂಸ ತುಂಬಿದ ಬನ್ನು; ಹೊಲಕ್ಕೆ ಹೋಗುವವರ ಜೇಬಿನ ಊಟ. 1870ರ ದಶಕದಲ್ಲಿ ರಷ್ಯದಿಂದ ಬಂದ ಜರ್ಮನ್ನರು ತಂದಿದ್ದು. ಅದೇ ಕಾಲದಲ್ಲಿ ಅಲ್ಲಿಂದ ಬಂದ ಮೆನೊನೈಟ್ ಎಂಬ ಕ್ರೈಸ್ತ ಪಂಗಡದವರು ಟರ್ಕಿ ರೆಡ್ ಎಂಬ ಚಳಿಗಾಲದ ಗೋಧಿ ತಂದರು, ಕ್ಯಾನ್ಸಸ್ ಗೋಧಿ ರಾಜ್ಯವಾಗಿದ್ದು ಅದರಿಂದಲೇ. ಕೋಸಿನ ಜೊತೆ ಸೋವರ್‌ಕ್ರೌಟ್ (ಹುಳಿ ಬರಿಸಿದ ಕೋಸು) ಬೆರೆಸುವವರು ಕೆಟ್ಟವರು ಎಂಬ ವಿಷಯದಲ್ಲಿ ಮಾತ್ರ ಅವರು ತುಂಬ ಖಡಾಖಂಡಿತವಾಗಿದ್ದರು. ಮಾಂಸ ಬಿಟ್ಟು ಮಾಡಬಹುದಾ ಅಂತ ತಂಗಿ ಕೇಳಿದಾಗ ಉತ್ತರ ಕೊಡಲು ಬಹಳ ಹೊತ್ತು ತೆಗೆದುಕೊಂಡರು.

ಶನಿವಾರ

ರಾತ್ರಿ ಮನೆಯಲ್ಲಿ ಮಲಗಿ, ಬೆಳಿಗ್ಗೆ ಅದೇ ಐ-70, ಈ ಬಾರಿ ಪೂರ್ವಕ್ಕೆ, ಮಿಸೌರಿಯ ಫುಲ್ಟನ್. 1946ರ ಮಾರ್ಚ್ 5ರಂದು ಚರ್ಚಿಲ್ ಇಲ್ಲಿನ ವೆಸ್ಟ್‌ಮಿನ್‌ಸ್ಟರ್ ಕಾಲೇಜಿನಲ್ಲಿ, ಅಧ್ಯಕ್ಷ ಟ್ರೂಮನ್ ಪಕ್ಕದಲ್ಲಿ ಕೂತಿರುವಾಗ, ಯುರೋಪಿಗೆ ಅಡ್ಡಲಾಗಿ ಕಬ್ಬಿಣದ ಪರದೆ ಇಳಿದಿದೆ ಎಂದು ಭಾಷಣ ಮಾಡಿದರು. ಜಗತ್ತಿನ ಪತ್ರಿಕೆಗಳೆಲ್ಲ ಪರದೆಯ ಬಗ್ಗೆ ಬರೆದವು. ಕ್ಲೆಮೆಂಟೈನ್ ಬರೆದದ್ದು ಭಾಷಣಕ್ಕೆ ಮೊದಲು ಕಾಲೇಜಿನ ಅಧ್ಯಕ್ಷರ ಮನೆಯಲ್ಲಿ ಬಡಿಸಿದ ಮಧ್ಯಾಹ್ನದ ಊಟದ ಬಗ್ಗೆ. ಕ್ಯಾಲವೇ ಕೌಂಟಿಯ ಹ್ಯಾಮ್ ತಿಂದು ಚರ್ಚಿಲ್, ಈ ಹ್ಯಾಮಿನಲ್ಲಿ ಹಂದಿ ತನ್ನ ವಿಕಾಸದ ತುತ್ತತುದಿ ಮುಟ್ಟಿದೆ ಅಂದರಂತೆ. ಶೀತಲ ಸಮರದ ಪುಸ್ತಕಗಳಲ್ಲಿ ಈ ಸಾಲು ಹುಡುಕಿದರೆ ಸಿಗುವುದು ಕಷ್ಟ.

ಕಾಲೇಜಿನ ಆವರಣದಲ್ಲಿ ಲಂಡನ್ನಿನಿಂದ ಕಲ್ಲು ಕಲ್ಲು ಬಿಚ್ಚಿ ತಂದು ನಿಲ್ಲಿಸಿದ ಕ್ರಿಸ್ಟೋಫರ್ ರೆನ್ ಎಂಬ ವಾಸ್ತುಶಿಲ್ಪಿಯ ಚರ್ಚಿದೆ, ಅದರಡಿ ಚರ್ಚಿಲ್ ಮ್ಯೂಸಿಯಂ. ಹೊರಗೆ ಬರ್ಲಿನ್ ಗೋಡೆಯ ತುಂಡುಗಳಿಂದ ಅವರ ಮೊಮ್ಮಗಳು ಮಾಡಿದ ಶಿಲ್ಪ. ನೋಡಿದೆವು, ಚೆನ್ನಾಗಿದೆ. ನನ್ನ ಮನಸ್ಸು ಊಟದ ಮನೆಯಲ್ಲಿತ್ತು.

ವಾಪಸು ಬರುವಾಗ ಕಾರಿನಲ್ಲಿ ಬೇರೆ ಚರ್ಚೆ. ಮುಂದಿನ ವಾರ ತಂಗಿಯ ಕನ್ನಡ ಕೂಟದ ರಾಜ್ಯೋತ್ಸವ, ಮನೆಮನೆಯಿಂದ ಒಂದೊಂದು ಅಡುಗೆ ತರುವ ಪಾಟ್‌ಲಕ್ಕು, ಊಟದ ಸಮಿತಿಯಲ್ಲಿ ಇವಳೇ. ಪಾತ್ರೆಯ ಮುಂದೆ ಚೀಟಿ ಇಡುತ್ತೀರಲ್ಲ, ಬಿಸಿಬೇಳೆಬಾತ್ ಅಂತ ಬರೆದರೆ ಸಾಲದು, ಯಾರ ಮನೆಯದು, ಅವರ ಅಜ್ಜಿ ಯಾವ ಊರಿನವರು ಅಂತಲೂ ಬರೆಸು ಅಂದೆ.

“ಸಾಧ್ಯವೇ ಇಲ್ಲ ಅಕ್ಕ.”

“ಯಾಕೇ? ಒಂದು ಸಾಲು ತಾನೇ?”

“ಹೆಸರು ಬರೆದರೆ ಯಾರ ಪಾತ್ರೆ ಖಾಲಿಯಾಯ್ತು, ಯಾರದ್ದು ಹಾಗೇ ಉಳೀತು ಅಂತ ಎಲ್ಲರಿಗೂ ಗೊತ್ತಾಗತ್ತೆ. ನೀನು ಸೋಮವಾರ ವಿಮಾನ ಹತ್ತಿ ಹೋಗ್ತೀಯ. ಇಲ್ಲಿ ಇರಬೇಕಾದವಳು ನಾನು.”

ಕೊಲಂಬಿಯಾ ಊರು ದಾಟುವ ಹೊತ್ತಿಗೆ ಅರ್ಧಕ್ಕೆ ಒಪ್ಪಿದಳು: ಊರಿನ ಹೆಸರು ಬರೆಸಬಹುದು, ಮನೆಯ ಹೆಸರು ಬೇಡ. ಹುಬ್ಬಳ್ಳಿ ಕಡೆಯವರು ಮೂರು ಮನೆ ಇದ್ದಾರೆ, ಅವರವರೇ ಹೊಂದಿಸಿಕೊಳ್ಳಲಿ.